ಇಂಗ್ಲಿಷಿನ ಕೃದಂತಗಳು

ಇಂಗ್ಲಿಷ್ ವ್ಯಾಕರಣದಲ್ಲಿ 'ವರ್ಬಲ್ಸ್' ಎಂಬ ಒಂದು ಪ್ರಕರಣವುಂಟು. ಜೆರಂಡ್, ಪಾರ್ಟಿಸಿಪಲ್, ಇನ್ಫಿನಿಟಿವ್ ಎಂಬ ಮೂರು ಹೆಸರುಗಳು ಅದರಲ್ಲಿ ಬರುತ್ತವೆ. ಪ್ರೌಢಶಾಲೆಯ ವಿದ್ಯಾರ್ಥಿಗಳು ಈ ಮೂರನ್ನೂ ಲಕ್ಷಣಸಹಿತ ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಪರೀಕ್ಷೆ ಮುಗಿದ ಮರುದಿನ ಮರೆಯುತ್ತಾರೆ. ಮರೆತರೆ ಕೆಟ್ಟಿದ್ದೇನು ಎಂದು ನೀವು ಕೇಳಬಹುದು. ಹೆಸರುಗಳನ್ನು ಮರೆತರೆ ಏನೂ ಕೆಡುವುದಿಲ್ಲ. ಆದರೆ ಆ ಹೆಸರುಗಳು ಸೂಚಿಸುವ ರೂಪಗಳಲ್ಲಿ ಒಂದರ ಬದಲು ಇನ್ನೊಂದನ್ನು ಇಟ್ಟರೆ ಹೇಳಬೇಕಾದ ಮಾತೇ ಕೆಡುತ್ತದೆ.

ಬಸವಕಲ್ಯಾಣದ ಒಬ್ಬ ವಿದ್ಯಾರ್ಥಿ ತನ್ನ ಕಾಲೇಜಿನ ಕಚೇರಿಗೆ ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆಯುತ್ತಾನೆಂದು ಇಟ್ಟುಕೊಳ್ಳಿ. ಅವನು ಶುಲ್ಕ ಕಟ್ಟಿದ್ದಾನೆ, ರಸೀತಿ ಮಾತ್ರ ಕಳೆದುಹೋಗಿದೆ. 'ಶುಲ್ಕ ಕಟ್ಟಿದ್ದು ನನಗೆ ನೆನಪಿದೆ' ಎಂದು ಹೇಳಬೇಕು. ಅದಕ್ಕೆ 'ಐ ರಿಮೆಂಬರ್ ಪೇಯಿಂಗ್ ದಿ ಫೀ' ಎನ್ನಬೇಕು. ಅವನು 'ಐ ರಿಮೆಂಬರ್ ಟು ಪೇ ದಿ ಫೀ' ಎಂದು ಬರೆದನೆಂದರೆ, ಓದುವವರಿಗೆ 'ಶುಲ್ಕ ಕಟ್ಟಬೇಕೆಂಬುದು ನನ್ನ ನೆನಪಿನಲ್ಲಿದೆ' ಎಂಬ ಅರ್ಥ ಬರುತ್ತದೆ. ಕಟ್ಟಿದ ಹಣ ಕಟ್ಟದ ಹಣವಾಗಿಬಿಟ್ಟಿತು. ಪದಗಳೆಲ್ಲ ಸರಿಯಾಗಿವೆ, ಕಾಗುಣಿತ ಸರಿಯಾಗಿದೆ, ತಪ್ಪಿದ್ದು ಕೃದಂತ ಒಂದೇ.

ಕೃದಂತ ಎಂದೆ. ಇಂಗ್ಲಿಷಿನವರು ವರ್ಬಲ್ ಎನ್ನುವುದಕ್ಕೆ ನಮ್ಮ ವೈಯಾಕರಣರು ಬಹಳ ಹಿಂದೆಯೇ ಇಟ್ಟ ಹೆಸರು ಅದು. ಈ ಪ್ರಕರಣ ನಮಗೆ ಹೊಸದಲ್ಲವೆಂದೂ, ಕನ್ನಡ ಬಲ್ಲ ಮಗು ಅದನ್ನು ಮನೆಯಿಂದಲೇ ಕಲಿತು ಬಂದಿರುತ್ತದೆಂದೂ, ಶಾಲೆಯಲ್ಲಿ ಆಗಬೇಕಾದದ್ದು ಆ ತಿಳಿವಳಿಕೆಯನ್ನು ಇಂಗ್ಲಿಷಿನ ಕಡೆಗೆ ದಾಟಿಸುವ ಕೆಲಸವೆಂದೂ ತೋರಿಸುವುದು ಈ ಭಾಷಣದ ಉದ್ದೇಶ. ಎಲ್ಲಿ ಸುಲಭವಾಗಿ ದಾಟಬಹುದು, ಎಲ್ಲಿ ಕಾಲು ಜಾರುತ್ತದೆ, ಎರಡನ್ನೂ ನೋಡೋಣ.

ಮೊದಲು ಕೃದಂತವೆಂದರೇನೆಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. 'ಹುಡುಗ ಹುಮನಾಬಾದಕ್ಕೆ ಹೋಗುತ್ತಾನೆ', 'ಹುಡುಗಿ ಹೋಗುತ್ತಾಳೆ', 'ಹುಡುಗರು ಹೋಗುತ್ತಾರೆ'. ಇಲ್ಲಿ ಕರ್ತೃ ಬದಲಾದಂತೆ ಕ್ರಿಯಾಪದವೂ ಬದಲಾಗುತ್ತದೆ. ಅದು ಕರ್ತೃವಿಗೆ ಕಟ್ಟುಬಿದ್ದ ಪದ. ವಾಕ್ಯವನ್ನು ಮುಗಿಸುವ ಅಧಿಕಾರವೂ ಅದಕ್ಕೇ ಸೇರಿದೆ. ಈಗ ಅದೇ ಧಾತುವಿನ ಬೇರೆ ರೂಪಗಳನ್ನು ನೋಡಿ: ಹೋಗುವುದು, ಹೋಗುವ, ಹೋದ, ಹೋಗಿ, ಹೋಗುತ್ತ, ಹೋಗಲು, ಹೋಗದೆ. ಕರ್ತೃ ಗಂಡಾಗಲಿ ಹೆಣ್ಣಾಗಲಿ, ಒಬ್ಬರಾಗಲಿ ಹಲವರಾಗಲಿ, ಇವು ಬದಲಾಗುವುದಿಲ್ಲ. ಇವುಗಳಿಂದ ವಾಕ್ಯ ಮುಗಿಯುವುದೂ ಇಲ್ಲ. 'ಹುಡುಗ ಹುಮನಾಬಾದಕ್ಕೆ ಹೋಗಿ' ಎಂದು ನಿಲ್ಲಿಸಿದರೆ ಕೇಳುವವರು 'ಹೋಗಿ ಏನು ಮಾಡಿದ?' ಎಂದು ಕೇಳಿಯೇ ಕೇಳುತ್ತಾರೆ.

ಹಾಗಾದರೆ ಇವು ಕ್ರಿಯೆಗಳೇ ಅಲ್ಲವೆ? ಹುಟ್ಟಿನಿಂದ ಕ್ರಿಯೆಗಳೇ, ಮಾಡುವ ಉದ್ಯೋಗ ಮಾತ್ರ ಬೇರೆ. 'ಹೋಗುವುದು' ಎಂಬುದು ನಾಮಪದದ ಕೆಲಸ ಮಾಡುತ್ತದೆ. 'ಹೋಗುವ' ಎಂಬುದು ವಿಶೇಷಣದ ಕೆಲಸ ಮಾಡುತ್ತದೆ. 'ಹೋಗಿ', 'ಹೋಗಲು' ಎಂಬವು ಅವ್ಯಯಗಳಾಗಿ ಮುಂದಿನ ಕ್ರಿಯೆಗೆ ಅಂಟಿಕೊಳ್ಳುತ್ತವೆ. ಉದ್ಯೋಗ ಬದಲಾದರೂ ಹುಟ್ಟಿನ ಗುಣವನ್ನು ಇವು ಬಿಡುವುದಿಲ್ಲ. ಕ್ರಿಯಾಪದದಂತೆಯೇ ಕರ್ಮವನ್ನು ತೆಗೆದುಕೊಳ್ಳುತ್ತವೆ. 'ಮನೆಯನ್ನು ಕಟ್ಟುವುದು ಕಷ್ಟ' ಎನ್ನಬಹುದು; 'ಮನೆಯನ್ನು ಕಟ್ಟಡ' ಎನ್ನಲಾಗದು. ಕಟ್ಟಡ ಪೂರ್ತಿಯಾಗಿ ನಾಮಪದವಾಗಿಬಿಟ್ಟಿದೆ. ಕಟ್ಟುವುದು ಇನ್ನೂ ಅರ್ಧ ಕ್ರಿಯೆಯಾಗಿ ಉಳಿದಿದೆ. ಇಂಗ್ಲಿಷಿನಲ್ಲಿ ಎರಡಕ್ಕೂ 'ಬಿಲ್ಡಿಂಗ್' ಎಂಬ ಒಂದೇ ರೂಪವಿದೆಯಾದರೂ ಭೇದ ಹೀಗೆಯೇ: 'ಎ ಬಿಗ್ ಬಿಲ್ಡಿಂಗ್' ಎಂಬಲ್ಲಿ ನಾಮ, 'ಬಿಲ್ಡಿಂಗ್ ಎ ಹೌಸ್' ಎಂಬಲ್ಲಿ ಕೃದಂತ.

ಕನ್ನಡ ಶಾಲಾ ವ್ಯಾಕರಣದಲ್ಲಿ ಇವನ್ನು ಕೃದಂತನಾಮ, ಕೃದಂತಭಾವನಾಮ, ಕೃದಂತಾವ್ಯಯ ಎಂದು ಮೂರಾಗಿ ಹೇಳಿದೆ. ಮಾಡುವ, ಮಾಡಿದ, ಮಾಡದ ಎಂಬವು ಮೊದಲನೆಯ ಬಗೆ. ಮಾಡುವಿಕೆ, ಓಟ, ನಡಿಗೆ ಎಂಬವು ಎರಡನೆಯ ಬಗೆ. ಮಾಡಿ, ಮಾಡುತ್ತ, ಮಾಡಲು, ಮಾಡದೆ ಎಂಬವು ಮೂರನೆಯ ಬಗೆ. ಇಂಗ್ಲಿಷಿನ ಪಾರ್ಟಿಸಿಪಲ್ ಬಹುಮಟ್ಟಿಗೆ ಮೊದಲನೆಯದಕ್ಕೆ ಹತ್ತಿರ. ಜೆರಂಡ್ ಎರಡನೆಯದಕ್ಕೆ ಹತ್ತಿರ. ಇನ್ಫಿನಿಟಿವ್ ಮೂರನೆಯದರಲ್ಲಿ ಬರುವ 'ಮಾಡಲು' ಎಂಬುದಕ್ಕೆ ಹತ್ತಿರ. ಹತ್ತಿರ ಎಂದೆನೇ ಹೊರತು ಒಂದೇ ಎಂದು ಹೇಳಲಿಲ್ಲ. ಆ ಅಂತರವನ್ನು ಮುಂದೆ ಅಳೆಯೋಣ.

ಒಂದು ಭಾಷೆಯ ವ್ಯಾಕರಣವನ್ನು ಇನ್ನೊಂದರ ಮೂಲಕ ಹೇಳುವುದು ಸರಿಯೆ ಎಂದು ಕೆಲವರಿಗೆ ಸಂದೇಹ ಬರಬಹುದು. ಈ ಪ್ರಾಂತದಲ್ಲಿ ಅದು ಹಳೆಯ ಪದ್ಧತಿ. ಕಲ್ಯಾಣದ ಚಾಲುಕ್ಯರಲ್ಲಿ ಜಗದೇಕಮಲ್ಲನೆಂಬ ಬಿರುದಿನ ಅರಸನ ಬಳಿ ಎರಡನೆಯ ನಾಗವರ್ಮನು ಕಟಕೋಪಾಧ್ಯಾಯನಾಗಿದ್ದನು. ಆ ಬಿರುದು ಇಬ್ಬರು ಅರಸರಿಗೆ ಇದ್ದುದರಿಂದ ಅವನ ಕಾಲವನ್ನು ಕೆಲವು ವಿದ್ವಾಂಸರು 11ನೆಯ ಶತಮಾನವೆಂದೂ ಕೆಲವರು 12ನೆಯ ಶತಮಾನವೆಂದೂ ಹೇಳುತ್ತಾರೆ. ಅವನ 'ಕರ್ಣಾಟಕ ಭಾಷಾಭೂಷಣ'ವು ಕನ್ನಡ ಭಾಷೆಯ ವ್ಯಾಕರಣ; ಆದರೆ ಅದರ ಸೂತ್ರಗಳೆಲ್ಲ ಸಂಸ್ಕೃತದಲ್ಲಿವೆ. ಸಂಸ್ಕೃತ ಬಲ್ಲವರಿಗೆ ಸಂಸ್ಕೃತದ ಮೂಲಕವೇ ಕನ್ನಡದ ಕಟ್ಟನ್ನು ತಿಳಿಸಿದನು. ಅವನೇ 'ಕಾವ್ಯಾವಲೋಕನ'ದ ಮೊದಲ ಭಾಗವಾದ 'ಶಬ್ದಸ್ಮೃತಿ'ಯಲ್ಲಿ ಕನ್ನಡದ ವ್ಯಾಕರಣವನ್ನು ಕನ್ನಡದಲ್ಲಿಯೇ ಹೇಳಿದನು. ಮುಂದೆ 13ನೆಯ ಶತಮಾನದಲ್ಲಿ ಕೇಶಿರಾಜನು 'ಶಬ್ದಮಣಿದರ್ಪಣ'ವನ್ನು ಬರೆದಾಗ ಕೃದಂತಗಳನ್ನು ನಾಮಪ್ರಕೃತಿಗಳ ಸಾಲಿನಲ್ಲಿ ಸೇರಿಸಿದನು. ಕ್ರಿಯೆಯಿಂದ ಹುಟ್ಟಿ ನಾಮದ ಸಾಲಿಗೆ ಬಂದ ಪದವೆಂಬ ತಿಳಿವಳಿಕೆ ಆಗಲೇ ನಮ್ಮಲ್ಲಿತ್ತು. ಗೊತ್ತಿರುವ ಭಾಷೆಯಿಂದ ಗೊತ್ತಿಲ್ಲದ ಭಾಷೆಗೆ ಹೋಗುವ ನಾಗವರ್ಮನ ಆ ಉಪಾಯವನ್ನು ಇಂದಿನ ಕಲ್ಯಾಣದ ಮಕ್ಕಳಿಗಾಗಿ ನಾವೂ ಬಳಸಿದರೆ ತಪ್ಪೇನು?

ಬೀದರ ಸೀಮೆಯಲ್ಲಿ ಇದಕ್ಕೆ ಇನ್ನೂ ಒಂದು ಕಾರಣವುಂಟು. 1948ರ ಸೆಪ್ಟೆಂಬರಿನವರೆಗೆ ಇದು ನಿಜಾಮರ ರಾಜ್ಯಕ್ಕೆ ಸೇರಿತ್ತು. ಶಾಲೆಗಳಲ್ಲಿ ಉರ್ದುವಿಗೆ ಪ್ರಾಧಾನ್ಯವಿತ್ತು. 1956ರ ನವೆಂಬರ್ 1ರಂದು ಜಿಲ್ಲೆ ಅಂದಿನ ಮೈಸೂರು ರಾಜ್ಯಕ್ಕೆ ಬಂತು. ಬಸವಕಲ್ಯಾಣ, ಹುಮನಾಬಾದಗಳ ಬಜಾರದಲ್ಲಿ ಇಂದಿಗೂ ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುತ್ತವೆ. ಹುಮನಾಬಾದದ ಬಳಿಯ ಮಾಣಿಕನಗರದಲ್ಲಿ ನೆಲೆಸಿದ ಮಾಣಿಕಪ್ರಭುಗಳು 19ನೆಯ ಶತಮಾನದಲ್ಲಿಯೇ ಮರಾಠಿ, ಕನ್ನಡ, ಹಿಂದಿ ಮುಂತಾದ ಭಾಷೆಗಳಲ್ಲಿ ಪದಗಳನ್ನು ಹಾಡಿದರು. ಹೀಗೆ ಹಲವು ಭಾಷೆಗಳ ನಡುವೆ ಬೆಳೆದ ಮಗುವಿಗೆ ಕೃದಂತಗಳ ಸಂಪತ್ತು ಬಹಳ. ಕನ್ನಡದ 'ಹೋಗಿ' ಎಂಬುದಕ್ಕೆ ಮರಾಠಿಯಲ್ಲಿ 'ಜಾಊನ್', ಉರ್ದುವಿನಲ್ಲಿ 'ಜಾಕರ್'. ಮರಾಠಿ ವ್ಯಾಕರಣದಲ್ಲಿ ಇಂಥ ರೂಪಗಳಿಗೆ 'ಧಾತುಸಾಧಿತ' ಎಂಬ ಹೆಸರಿದೆ. ಉರ್ದು ವ್ಯಾಕರಣದಲ್ಲಿ 'ಜಾನಾ', 'ಕರ್ನಾ' ಎಂಬ ರೂಪವನ್ನು 'ಮಸ್ದರ್' ಎನ್ನುತ್ತಾರೆ. ಹೆಸರು ಬೇರೆ, ವಸ್ತು ಒಂದೇ. ಇಷ್ಟನ್ನು ಬಲ್ಲ ಮಗುವಿಗೆ ಇಂಗ್ಲಿಷಿನ ವರ್ಬಲ್ಸ್ ಅರ್ಥವಾಗದೆಂದು ಹೇಳುವುದು ನ್ಯಾಯವಲ್ಲ.

ಇನ್ನು ಕಾಲು ಜಾರುವ ಸ್ಥಳಗಳಿಗೆ ಬರೋಣ. ಅವು ಮುಖ್ಯವಾಗಿ ನಾಲ್ಕು.

ಮೊದಲನೆಯದು 'ಇಂಗ್' ಪ್ರತ್ಯಯ. ಕನ್ನಡದಲ್ಲಿ ಓಡುವುದು, ಓಡುವ, ಓಡುತ್ತ ಎಂದು ಮೂರು ರೂಪಗಳಿವೆ. ಇಂಗ್ಲಿಷಿನಲ್ಲಿ ಮೂರಕ್ಕೂ 'ರನ್ನಿಂಗ್' ಒಂದೇ. 'ರನ್ನಿಂಗ್ ಈಸ್ ಗುಡ್ ಎಕ್ಸರ್ಸೈಜ್' ಎಂದರೆ ಓಡುವುದು ಒಳ್ಳೆಯ ವ್ಯಾಯಾಮ, ಇದು ಜೆರಂಡ್. 'ಎ ರನ್ನಿಂಗ್ ಹಾರ್ಸ್' ಎಂದರೆ ಓಡುವ ಕುದುರೆ, ಇದು ಪಾರ್ಟಿಸಿಪಲ್. 'ಹಿ ಕೇಮ್ ರನ್ನಿಂಗ್' ಎಂದರೆ ಅವನು ಓಡುತ್ತ ಬಂದ, ಇದೂ ಪಾರ್ಟಿಸಿಪಲ್. ಒಂದೇ ಮುಖಕ್ಕೆ ಇಷ್ಟು ಉದ್ಯೋಗಗಳು ಏಕೆ ಬಂದವು? ಪ್ರಾಚೀನ ಇಂಗ್ಲಿಷಿನಲ್ಲಿ ನಾಮದ ಕೆಲಸಕ್ಕೆ 'ಉಂಗ್' ಅಥವಾ 'ಇಂಗ್' ಎಂಬ ಪ್ರತ್ಯಯವೂ ವಿಶೇಷಣದ ಕೆಲಸಕ್ಕೆ 'ಎಂಡೆ' ಎಂಬ ಪ್ರತ್ಯಯವೂ ಬೇರೆಬೇರೆಯಾಗಿದ್ದವು. ಮಧ್ಯಕಾಲದಲ್ಲಿ ಎರಡೂ ಸವೆದು 'ಇಂಗ್' ಎಂಬ ಒಂದರಲ್ಲಿಯೇ ಕೂಡಿಕೊಂಡವು. ಇಂಗ್ಲಿಷರು ಕಳೆದುಕೊಂಡ ಆ ಭೇದ ನಮ್ಮಲ್ಲಿ ಉಳಿದಿದೆ. ಆದ್ದರಿಂದ 'ಇಂಗ್' ಕಂಡಾಗ ಅದಕ್ಕೆ 'ಉವುದು' ಹೊಂದುತ್ತದೆಯೆ, 'ಉವ' ಹೊಂದುತ್ತದೆಯೆ, 'ಉತ್ತ' ಹೊಂದುತ್ತದೆಯೆ ಎಂದು ಕನ್ನಡದಲ್ಲಿ ಹಾಕಿ ನೋಡಿ. ಉತ್ತರ ತಾನಾಗಿ ದೊರೆಯುತ್ತದೆ.

'ಹಿ ಈಸ್ ರನ್ನಿಂಗ್' ಎಂಬಲ್ಲಿ ಮಾತ್ರ ಎಚ್ಚರಿಕೆ ಬೇಕು. ಅಲ್ಲಿ 'ಈಸ್' ಎಂಬ ಸಹಾಯಕ ಸೇರಿ ಪೂರ್ಣಕ್ರಿಯೆಯಾಗಿದೆ. ನಮ್ಮ 'ಓಡುತ್ತಿದ್ದಾನೆ' ಎಂಬುದೂ 'ಓಡುತ್ತ' ಮತ್ತು 'ಇದ್ದಾನೆ' ಎಂಬೆರಡು ಕೂಡಿ ಆದದ್ದೇ. ಬೀದರ, ಕಲಬುರಗಿ ಕಡೆಯ ಮನೆಮಾತಿನಲ್ಲಿ 'ಓದಲಾಕ ಹತ್ಯಾನ' ಎನ್ನುತ್ತಾರೆ. ಅದು 'ಓದಲಿಕ್ಕೆ ಹತ್ತಿದ್ದಾನೆ' ಎಂಬುದರ ರೂಪ. ಅರ್ಥ 'ಓದುತ್ತಿದ್ದಾನೆ' ಎಂದೇ ಆದರೂ ಕಟ್ಟಿದ್ದು 'ಓದಲಿಕ್ಕೆ' ಎಂಬುದರಿಂದ. ಹೀಗೆ ಮಾತನಾಡುವ ಮಗುವಿಗೆ ಇಂಗ್ಲಿಷಿನಲ್ಲಿ ಈ ಅರ್ಥ ಬಂದಾಗ 'ಟು' ಬರುವುದಿಲ್ಲ, 'ಇಂಗ್' ಬರುತ್ತದೆ ಎಂದು ಒಂದು ಸಲ ತೋರಿಸಿಕೊಟ್ಟರೆ ಸಾಕು. ಮನೆಮಾತನ್ನು ಹಳಿಯಬೇಕಾದ ಅಗತ್ಯವಿಲ್ಲ.

ಎರಡನೆಯದು ಇದಕ್ಕಿಂತ ಆಳವಾದದ್ದು. ಇದನ್ನು ತಿಳಿಯಲು ಹುಮನಾಬಾದ ತಾಲ್ಲೂಕಿನ ಜಲಸಂಗ್ವಿಗೆ ಹೋಗಿ ಬರೋಣ. ಅಲ್ಲಿಯ ಚಾಲುಕ್ಯರ ಕಾಲದ ಶಿವಾಲಯದ ಹೊರಗೋಡೆಯಲ್ಲಿ ಶಿಲಾಬಾಲಿಕೆಯರ ಸಾಲಿದೆ. ಅವರಲ್ಲಿ ಒಬ್ಬಳು ಕಲ್ಲಿನ ಮೇಲೆ ಅಕ್ಷರ ಬರೆಯುತ್ತಿರುವಂತೆ ಶಿಲ್ಪಿ ಕಡೆದಿದ್ದಾನೆ. ಅವಳು ಬರೆದದ್ದು ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಶ್ಲೋಕ. ಈಗ ಕನ್ನಡದಲ್ಲಿ ಹೇಳಿ ನೋಡಿ: ಬರೆದ ಹೆಣ್ಣು, ಬರೆದ ಶ್ಲೋಕ, ಬರೆದ ಕಲ್ಲು, ಬರೆದ ಕೈ, ಬರೆದ ದಿನ. 'ಬರೆದ' ಎಂಬ ಒಂದೇ ಕೃದಂತ ಐದು ನಾಮಗಳ ಹಿಂದೆ ನಿಂತಿತು. ಹೆಣ್ಣು ಬರೆದವಳು, ಶ್ಲೋಕ ಬರೆಯಲ್ಪಟ್ಟದ್ದು, ಕಲ್ಲು ಬರೆದ ಸ್ಥಳ, ಕೈ ಬರೆದ ಸಾಧನ, ದಿನ ಬರೆದ ಕಾಲ. ಈ ಸಂಬಂಧಗಳನ್ನು ಕನ್ನಡ ಬಾಯಿಬಿಟ್ಟು ಹೇಳುವುದಿಲ್ಲ. ಕೇಳುವವರ ಬುದ್ಧಿಗೆ ಬಿಟ್ಟುಬಿಡುತ್ತದೆ. ನಾವೂ ತಡವರಿಸದೆ ತಿಳಿದುಕೊಳ್ಳುತ್ತೇವೆ.

ಇಂಗ್ಲಿಷಿನ ಪಾರ್ಟಿಸಿಪಲ್ ಅಷ್ಟು ಉದಾರವಲ್ಲ. ಅದು ಮೊದಲೇ ಲೆಕ್ಕ ಕೇಳುತ್ತದೆ: ಈ ನಾಮ ಮಾಡಿದ್ದೋ, ಮಾಡಿಸಿಕೊಂಡದ್ದೋ? ಮಾಡುವವರಿಗೆ 'ರೈಟಿಂಗ್', ಮಾಡಿಸಿಕೊಂಡದ್ದಕ್ಕೆ 'ರಿಟನ್'. 'ದಿ ರಿಟನ್ ವರ್ಸ್' ಎಂದರೆ ಬರೆದ ಶ್ಲೋಕ, ಸರಿ. ಅದೇ ಧೈರ್ಯದಿಂದ 'ದಿ ರಿಟನ್ ವುಮನ್' ಎಂದರೆ ಹೆಣ್ಣನ್ನೇ ಯಾರೋ ಬರೆದಂತಾಗುತ್ತದೆ. ಬರೆದ ಹೆಣ್ಣಿಗೆ 'ದಿ ವುಮನ್ ಹೂ ರೋಟ್' ಎಂದೂ, ಬರೆದ ಕಲ್ಲಿಗೆ 'ದಿ ಸ್ಟೋನ್ ಆನ್ ವಿಚ್ ಷಿ ರೋಟ್' ಎಂದೂ, ಬರೆದ ದಿನಕ್ಕೆ 'ದಿ ಡೇ ವೆನ್ ಷಿ ರೋಟ್' ಎಂದೂ ಬಿಡಿಸಿ ಹೇಳಬೇಕು. ಕನ್ನಡ ಕೃದಂತದಿಂದ ಮಾಡುವ ಕೆಲಸವನ್ನು ಇಂಗ್ಲಿಷು ಇಲ್ಲಿ ಒಂದು ಉಪವಾಕ್ಯದಿಂದ ಮಾಡುತ್ತದೆ.

ನಿತ್ಯವೂ ಕಿವಿಗೆ ಬೀಳುವ ಒಂದು ತಪ್ಪಿನ ಬೇರು ಇಲ್ಲಿಯೇ ಇದೆ. 'ಬೋರ್' ಎಂದರೆ ಬೇಸರಪಡಿಸು. ಬೇಸರಪಡಿಸುವುದು 'ಬೋರಿಂಗ್'; ಬೇಸರಗೊಂಡದ್ದು 'ಬೋರ್ಡ್'. ತನಗೆ ಬೇಸರವಾಗಿದೆ ಎಂದು ಹೇಳಹೊರಟ ಹುಡುಗ 'ಐ ಆಮ್ ಬೋರಿಂಗ್' ಎಂದರೆ, ತಾನೇ ಇತರರಿಗೆ ಬೇಸರ ತರುವವನೆಂದು ಒಪ್ಪಿಕೊಂಡಂತಾಯಿತು. ಉದ್ಯೋಗದ ಸಂದರ್ಶನದಲ್ಲಿ 'ಐ ಆಮ್ ಇಂಟರೆಸ್ಟಿಂಗ್ ಇನ್ ದಿಸ್ ವರ್ಕ್' ಎನ್ನುವವನ ಗತಿಯೂ ಅದೇ. ಆಸಕ್ತಿ ಹುಟ್ಟಿಸುವುದು ಕೆಲಸ. ಆಸಕ್ತಿಗೆ ಒಳಗಾದವನು ತಾನು. ಆದ್ದರಿಂದ 'ಇಂಟರೆಸ್ಟೆಡ್' ಎನ್ನಬೇಕು.

ಇಲ್ಲೊಂದು ಸ್ವಾರಸ್ಯವುಂಟು. 'ಡ್ರಿಂಕಿಂಗ್ ವಾಟರ್' ಎಂಬ ಮಾತು ನಿಮಗೆ ಗೊತ್ತು. 'ಇಂಗ್' ಮಾಡುವವರಿಗೆ ಬರುವುದಾದರೆ ನೀರು ಏನನ್ನು ಕುಡಿಯುತ್ತದೆ? ನೀರು ಏನನ್ನೂ ಕುಡಿಯುವುದಿಲ್ಲ. ಇಲ್ಲಿ 'ಡ್ರಿಂಕಿಂಗ್' ಎಂಬುದು ಪಾರ್ಟಿಸಿಪಲ್ ಅಲ್ಲ, ಜೆರಂಡ್. ಕುಡಿಯುವುದಕ್ಕಾಗಿ ಇರುವ ನೀರು ಎಂದು ಅರ್ಥ. 'ರೈಟಿಂಗ್ ಟೇಬಲ್', 'ವೇಟಿಂಗ್ ರೂಮ್' ಎಂಬವೂ ಹಾಗೆಯೇ. ಮೇಜು ಬರೆಯುವುದಿಲ್ಲ, ಕೋಣೆ ಕಾಯುವುದಿಲ್ಲ. ನಾಮ ತಾನೇ ಆ ಕ್ರಿಯೆಯನ್ನು ಮಾಡುತ್ತದೆಯೆ ಎಂದು ಕೇಳಿಕೊಂಡರೆ ಎರಡು ಬಗೆಗಳೂ ಬೇರ್ಪಡುತ್ತವೆ.

ಮೂರನೆಯದು ಪದಗಳ ಸ್ಥಾನ ಮತ್ತು ಕರ್ತೃವಿನ ಸಂಬಂಧ. ಕನ್ನಡದ ಕೃದಂತವಿಶೇಷಣ ಎಷ್ಟು ಉದ್ದವಾದರೂ ನಾಮದ ಹಿಂದೆಯೇ ಬರುತ್ತದೆ. ಇಂಗ್ಲಿಷಿನಲ್ಲಿ ಒಂಟಿ ಪಾರ್ಟಿಸಿಪಲ್ ಸಾಮಾನ್ಯವಾಗಿ ನಾಮಕ್ಕಿಂತ ಮೊದಲು ಬರುತ್ತದೆ. ಪರಿವಾರ ಸಮೇತ ಬಂದರೆ ನಾಮದ ನಂತರ ನಿಲ್ಲುತ್ತದೆ. ಬೀದರನ್ನು ಹುಮನಾಬಾದದ ಮೂಲಕ ಕಲಬುರಗಿಗೆ ಸೇರಿಸುವ ರೈಲುಮಾರ್ಗ 2017ರಲ್ಲಿ ಪೂರ್ಣವಾಗಿ ತೆರೆಯಿತು. ಅದನ್ನು ಕುರಿತು 'ದಿ ಲೈನ್ ಓಪನ್ಡ್ ಇನ್ 2017 ರನ್ಸ್ ಥ್ರೂ ಹುಮನಾಬಾದ್' ಎಂಬ ವಾಕ್ಯ ಎದುರಾಯಿತೆಂದುಕೊಳ್ಳಿ. ಅವಸರದಲ್ಲಿ ಓದುವವರು 'ಓಪನ್ಡ್' ಎಂಬುದನ್ನೇ ಪೂರ್ಣಕ್ರಿಯೆಯೆಂದು ಭಾವಿಸಿ, ಮುಂದೆ 'ರನ್ಸ್' ಬಂದೊಡನೆ ದಾರಿ ತಪ್ಪುತ್ತಾರೆ. '2017ರಲ್ಲಿ ತೆರೆದ ಮಾರ್ಗ ಹುಮನಾಬಾದದ ಮೂಲಕ ಹೋಗುತ್ತದೆ' ಎಂದು ಕನ್ನಡದಲ್ಲಿ ತಿರುಗಿಸಿ ನೋಡಿದರೆ 'ಓಪನ್ಡ್' ಎಂಬುದು 'ತೆರೆದ' ಎಂಬ ಕೃದಂತವೆಂದೂ, 'ರನ್ಸ್' ಎಂಬುದೇ ಪೂರ್ಣಕ್ರಿಯೆಯೆಂದೂ ತಿಳಿಯುತ್ತದೆ. ಪರೀಕ್ಷೆಯ ಗದ್ಯಭಾಗಗಳು ಎಷ್ಟೋ ಸಲ ಕಠಿಣವಾಗಿ ತೋರುವುದು ಕಠಿಣ ಶಬ್ದಗಳಿಂದಲ್ಲ. ಇಂಥ ಮರೆಯಲ್ಲಿ ನಿಂತ ಕೃದಂತಗಳಿಂದ.

ಇನ್ನು 'ಮಾಡಿ' ಎಂಬ ರೂಪ. 'ಹುಡುಗ ಬೆಳಿಗ್ಗೆ ಎದ್ದು, ಮುಖ ತೊಳೆದು, ರೊಟ್ಟಿ ತಿಂದು, ಸಸ್ತಾಪುರ ಬಂಗ್ಲಾಕ್ಕೆ ಬಂದು, ಬಸ್ಸು ಹತ್ತಿ ಹುಮನಾಬಾದಕ್ಕೆ ಹೋದ' ಎಂದು ಎಷ್ಟು ಬೇಕಾದರೂ ಪೋಣಿಸುತ್ತೇವೆ. ಪೂರ್ಣಕ್ರಿಯೆ ಕೊನೆಯದೊಂದೇ. ಇದನ್ನು 'ಹ್ಯಾವಿಂಗ್ ಗಾಟ್ ಅಪ್, ಹ್ಯಾವಿಂಗ್ ವಾಷ್ಡ್, ಹ್ಯಾವಿಂಗ್ ಈಟನ್' ಎಂದು ಇಂಗ್ಲಿಷಿನಲ್ಲಿ ಪೋಣಿಸಹೊರಟರೆ ಕೇಳಲಾಗದು. ಅಲ್ಲಿ ಎದ್ದ, ತೊಳೆದ, ತಿಂದ ಎಂಬ ಪ್ರತಿಯೊಂದನ್ನೂ ಪೂರ್ಣಕ್ರಿಯೆಯನ್ನಾಗಿ ಮಾಡಿ, ಕೊನೆಯದರ ಮುಂಚೆ ಒಂದು 'ಆಂಡ್' ಇಡುವುದೇ ರೂಢಿ.

ಇದಕ್ಕಿಂತ ಮುಖ್ಯವಾದದ್ದು ಕರ್ತೃವಿನ ವಿಷಯ. 'ಮಳೆ ಬಂದು ತ್ರಿಪುರಾಂತ ಕೆರೆ ತುಂಬಿತು' ಎಂದು ಬಸವಕಲ್ಯಾಣದವರು ಹೇಳಿದರೆ ಯಾರೂ ತಪ್ಪೆನ್ನರು. ಬಂದದ್ದು ಮಳೆ, ತುಂಬಿದ್ದು ಕೆರೆ. ಒಂದು ಕಾರಣ, ಇನ್ನೊಂದು ಕಾರ್ಯ. ಕನ್ನಡ ಇದನ್ನು ಒಪ್ಪುತ್ತದೆ. ಇಂಗ್ಲಿಷಿನಲ್ಲಿ ವಾಕ್ಯದ ಆರಂಭಕ್ಕೆ ಬಂದ ಪಾರ್ಟಿಸಿಪಲ್ ಮುಖ್ಯವಾಕ್ಯದ ಕರ್ತೃವಿಗೇ ಅಂಟಿಕೊಳ್ಳುತ್ತದೆ. 'ರೇನಿಂಗ್ ಹೆವಿಲಿ, ದಿ ಟ್ಯಾಂಕ್ ವಾಸ್ ಫಿಲ್ಡ್' ಎಂದರೆ ಕೆರೆಯೇ ಮಳೆ ಸುರಿಸಿದಂತಾಗುತ್ತದೆ. 'ಎಂಟರಿಂಗ್ ದಿ ಫೋರ್ಟ್, ದಿ ಕ್ಯಾನನ್ ವಾಸ್ ಸೀನ್' ಎಂದರೆ ಕಲ್ಯಾಣದ ಕೋಟೆಯೊಳಕ್ಕೆ ತೋಪು ತಾನೇ ನಡೆದು ಬಂದಂತಾಗುತ್ತದೆ. 'ಎಂಟರಿಂಗ್ ದಿ ಫೋರ್ಟ್, ವಿ ಸಾ ದಿ ಕ್ಯಾನನ್' ಎಂದರೆ ಒಳಗೆ ಹೋದವರೂ ನಾವೇ, ಕಂಡವರೂ ನಾವೇ, ವಾಕ್ಯ ನೆಟ್ಟಗಾಯಿತು. ವಾಕ್ಯದ ಮೊದಲಲ್ಲಿ 'ಇಂಗ್' ಇಟ್ಟಾಗಲೆಲ್ಲ 'ಇದನ್ನು ಮಾಡಿದವರು ಯಾರು?' ಎಂದು ಕೇಳಿ, ಅವರನ್ನೇ ಅಲ್ಪವಿರಾಮದ ನಂತರ ನಿಲ್ಲಿಸಿ.

ನಾಲ್ಕನೆಯದು, 'ಟು' ಮತ್ತು 'ಇಂಗ್' ಇವೆರಡರಲ್ಲಿ ಯಾವುದನ್ನು ಆರಿಸಬೇಕೆಂಬುದು. ಉರ್ದುವಿನ ಮಸ್ದರ್ ಎರಡೂ ಕೆಲಸ ಮಾಡುತ್ತದೆ: 'ಜಾನಾ ಅಚ್ಛಾ ಹೈ' ಎಂಬಲ್ಲಿ ಹೋಗುವುದು, 'ಜಾನಾ ಚಾಹತಾ ಹೈ' ಎಂಬಲ್ಲಿ ಹೋಗಲು. ಆದ್ದರಿಂದ ಉರ್ದು ಮನೆಮಾತಿನ ಮಗುವಿಗೆ ಈ ಆಯ್ಕೆ ಹೊಸದು. ಕನ್ನಡದ ಮಗುವಿಗೆ 'ಹೋಗುವುದು', 'ಹೋಗಲು' ಎಂಬ ಭೇದ ಗೊತ್ತಿದ್ದರೂ ಇಂಗ್ಲಿಷಿನ ಭೇದ ಎಲ್ಲ ಕಡೆಯೂ ಅದರ ಮೇಲೆ ಕೂಡುವುದಿಲ್ಲ. 'ವಾಂಟ್', 'ಹೋಪ್', 'ಡಿಸೈಡ್' ಎಂಬವುಗಳ ಮುಂದೆ 'ಟು' ಬರುತ್ತದೆ. 'ಎಂಜಾಯ್', 'ಫಿನಿಷ್', 'ಅವಾಯ್ಡ್' ಎಂಬವುಗಳ ಮುಂದೆ 'ಇಂಗ್' ಬರುತ್ತದೆ. ಇವನ್ನು ಬಳಕೆಯಿಂದಲೇ ಕಲಿಯಬೇಕು.

ಆದರೆ ಅರ್ಥವನ್ನೇ ತಿರುಗಿಸುವ ಕೆಲವು ಕ್ರಿಯೆಗಳಿಗೆ ಒಂದು ಕೈಮರವಿದೆ. 'ರಿಮೆಂಬರ್', 'ಫರ್ಗೆಟ್', 'ಸ್ಟಾಪ್' ಎಂಬವುಗಳಲ್ಲಿ 'ಟು' ಮುಂದೆ ಮಾಡಬೇಕಾದ ಕೆಲಸದ ಕಡೆಗೆ ನೋಡುತ್ತದೆ. 'ಇಂಗ್' ಆಗಲೇ ಆದ ಅಥವಾ ನಡೆದಿರುವ ಕೆಲಸದ ಕಡೆಗೆ ನೋಡುತ್ತದೆ. 'ಐ ಫರ್ಗಾಟ್ ಟು ಸೈನ್' ಎಂದರೆ ಸಹಿ ಬೀಳಲೇ ಇಲ್ಲ. 'ಐ ಫರ್ಗಾಟ್ ಸೈನಿಂಗ್ ಇಟ್' ಎಂದರೆ ಸಹಿ ಬಿದ್ದಿದೆ, ನೆನಪಿಲ್ಲ ಅಷ್ಟೆ. ಹೊಲದಲ್ಲಿ ಔಷಧಿ ಹೊಡೆಯುವವನಿಗೆ 'ಸ್ಟಾಪ್ ಸ್ಪ್ರೇಯಿಂಗ್' ಎಂದರೆ ಹೊಡೆಯುವುದನ್ನು ನಿಲ್ಲಿಸು ಎಂದು. 'ಸ್ಟಾಪ್ ಟು ಸ್ಪ್ರೇ' ಎಂದರೆ ಬೇರೆ ಕೆಲಸ ನಿಲ್ಲಿಸಿ ಔಷಧಿ ಹೊಡೆ ಎಂದು. ಅರ್ಜಿಯಾಗಲಿ, ಔಷಧಿಯ ಡಬ್ಬಿಯ ಮೇಲಿನ ಸೂಚನೆಯಾಗಲಿ, ಇಂಥ ಕಡೆ ವ್ಯಾಕರಣ ಕೇವಲ ಅಂಕಗಳ ವಿಷಯವಾಗಿ ಉಳಿಯುವುದಿಲ್ಲ.

ಇನ್ನೊಂದು ನಿಯಮ ಬಹಳ ಉಪಯುಕ್ತವಾದದ್ದು. 'ಬೈ', 'ಇನ್', 'ಆಫ್ಟರ್', 'ಬಿಫೋರ್', 'ವಿದೌಟ್' ಮುಂತಾದ ಸಂಬಂಧಸೂಚಕ ಪದಗಳ ನಂತರ ಕ್ರಿಯೆ ಬಂದರೆ ಅದು 'ಇಂಗ್' ರೂಪದಲ್ಲಿಯೇ ಬರುತ್ತದೆ. ಕನ್ನಡದಲ್ಲಿಯೂ ವಿಭಕ್ತಿ ಹತ್ತುವುದು 'ಮಾಡುವುದು' ಎಂಬ ನಾಮರೂಪಕ್ಕೇ: ಓದುವುದರಿಂದ, ಓದುವುದರಲ್ಲಿ. 'ಬೈ ರೀಡಿಂಗ್', 'ಇನ್ ರೀಡಿಂಗ್' ಎಂದು ಅವು ಇಂಗ್ಲಿಷಿಗೆ ನೇರವಾಗಿ ಇಳಿಯುತ್ತವೆ. 'ಶುಲ್ಕ ಕಟ್ಟದೆ' ಎಂಬ ನಮ್ಮ ನಿಷೇಧ ಕೃದಂತವೂ 'ವಿದೌಟ್ ಪೇಯಿಂಗ್ ದಿ ಫೀ' ಎಂದು ಇದೇ ದಾರಿಯಲ್ಲಿ ಹೋಗುತ್ತದೆ. 'ಓದುವುದಕ್ಕೆ' ಎಂಬ ಚತುರ್ಥಿಯೊಂದು ಮಾತ್ರ ಉದ್ದೇಶವನ್ನು ಹೇಳುವಾಗ 'ಟು ರೀಡ್' ಆಗುತ್ತದೆ.

'ಟು' ಎಂಬ ಪದಕ್ಕೆ ಎರಡು ವೇಷಗಳಿರುವುದನ್ನೂ ಮರೆಯಬಾರದು. ಒಂದು ಇನ್ಫಿನಿಟಿವಿನ ಗುರುತು. ಇನ್ನೊಂದು 'ಕ್ಕೆ' ಎಂಬ ಅರ್ಥದ ಸಂಬಂಧಸೂಚಕ. ಪತ್ರದ ಕೊನೆಯಲ್ಲಿ ಬರೆಯುವ 'ಲುಕಿಂಗ್ ಫಾರ್ವರ್ಡ್ ಟು' ಎಂಬಲ್ಲಿ ಇರುವುದು ಎರಡನೆಯದು. ಅದರ ಮುಂದೆ 'ಯುವರ್ ಲೆಟರ್' ಎಂಬ ನಾಮವನ್ನು ಇಟ್ಟು ನೋಡಿ, ಹೊಂದುತ್ತದೆ. ನಾಮ ಹೊಂದುವ ಕಡೆ ಕ್ರಿಯೆಯನ್ನೂ ನಾಮವಾಗಿಸಿಯೇ ಇಡಬೇಕು. ಆದ್ದರಿಂದ 'ಮೀಟಿಂಗ್ ಯು' ಎನ್ನಬೇಕೇ ಹೊರತು 'ಮೀಟ್ ಯು' ಎನ್ನಬಾರದು. ಹಾಗೆಯೇ 'ಮಸ್ಟ್', 'ಕ್ಯಾನ್', 'ಲೆಟ್' ಎಂಬವುಗಳ ನಂತರ 'ಟು' ಬರುವುದಿಲ್ಲ. ನಾವೂ 'ಹೋಗಲು ಬೇಕು' ಎನ್ನದೆ 'ಹೋಗಬೇಕು' ಎಂದೇ ಹೇಳುತ್ತೇವಷ್ಟೆ.

ಇಷ್ಟನ್ನೂ ಒಂದೇ ದಿನದಲ್ಲಿ ಕರಗತ ಮಾಡಿಕೊಳ್ಳಬೇಕೆಂದಿಲ್ಲ. ಮನೆಯಲ್ಲಿ ಮಾಡಬಹುದಾದ ಸುಲಭವಾದ ಅಭ್ಯಾಸವೊಂದನ್ನು ಹೇಳುತ್ತೇನೆ. ಯಾವುದಾದರೂ ಇಂಗ್ಲಿಷ್ ಪತ್ರಿಕೆಯಿಂದ ದಿನಕ್ಕೆ ನಾಲ್ಕು ವಾಕ್ಯಗಳನ್ನು ತೆಗೆದುಕೊಳ್ಳಿ. ಮೊದಲು ಪೂರ್ಣಕ್ರಿಯೆಯನ್ನು ಹುಡುಕಿ ಅದರ ಕೆಳಗೆ ಗೆರೆ ಎಳೆಯಿರಿ. ಕರ್ತೃವನ್ನೋ ಕಾಲವನ್ನೋ ಬದಲಾಯಿಸಿದರೆ ಬದಲಾಗುವ ಪದವೇ ಅದು. ಕ್ರಿಯೆಯಂತೆ ಕಾಣುವ ಉಳಿದ ಪದಗಳೆಲ್ಲ ಕೃದಂತಗಳು. ಒಂದೊಂದಕ್ಕೂ ಮೂರು ಪ್ರಶ್ನೆ ಕೇಳಿ: ಇದು ನಾಮವಾಗಿ ನಿಂತಿದೆಯೆ, ವಿಶೇಷಣವಾಗಿ ನಿಂತಿದೆಯೆ, ಅವ್ಯಯವಾಗಿ ನಿಂತಿದೆಯೆ? ಕೊನೆಗೆ ಅದರ ಪಕ್ಕದಲ್ಲಿ ಕನ್ನಡದ ಕೃದಂತವನ್ನು ಬರೆಯಿರಿ. ಮರಾಠಿ, ಉರ್ದು ಬಲ್ಲವರು ಆ ರೂಪಗಳನ್ನೂ ಬರೆಯಬಹುದು. ನಿತ್ಯವೂ ಹೀಗೆ ಮಾಡುತ್ತ ಬಂದರೆ ವಾಕ್ಯದ ಒಳಕಟ್ಟು ಕಣ್ಣಿಗೆ ಕಾಣತೊಡಗುತ್ತದೆ.

ಉಪಾಧ್ಯಾಯರಲ್ಲಿಯೂ ಒಂದು ವಿಜ್ಞಾಪನೆ. ಇಂಗ್ಲಿಷಿನ ಪಾಠವನ್ನು ಒಬ್ಬರು, ಕನ್ನಡದ ಪಾಠವನ್ನು ಇನ್ನೊಬ್ಬರು ಹೇಳುವುದರಿಂದ, ಒಂದೇ ವಿಷಯ ಎರಡು ಗಂಟೆಗಳಲ್ಲಿ ಎರಡು ಹೆಸರಿನಿಂದ ಬಂದು, ಮಗುವಿನ ಮನಸ್ಸಿನಲ್ಲಿ ಎರಡು ಬೇರೆ ಗಂಟುಗಳಾಗಿ ಬೀಳುತ್ತದೆ. ಕನ್ನಡ ಪಂಡಿತರು ಕೃದಂತವನ್ನು ಹೇಳುವ ವಾರದಲ್ಲಿಯೇ ಇಂಗ್ಲಿಷ್ ಉಪಾಧ್ಯಾಯರು ವರ್ಬಲ್ಸನ್ನು ಹೇಳುವಂತೆ ಇಬ್ಬರೂ ಮಾತಾಡಿಕೊಂಡರೆ ಹಣದ ಖರ್ಚಿಲ್ಲದೆ ಎರಡು ಗಂಟುಗಳೂ ಒಟ್ಟಿಗೆ ಬಿಚ್ಚುತ್ತವೆ. ಕನ್ನಡ ವ್ಯಾಕರಣವೂ ವ್ಯರ್ಥವಲ್ಲವೆಂಬುದು ಆಗ ಮಕ್ಕಳಿಗೆ ತಾನಾಗಿ ತಿಳಿಯುತ್ತದೆ. ಅರ್ಜಿ ಬರೆಯುವ ದಿನ ಬಂದಾಗ 'ಕಟ್ಟಿದ್ದು' ಎಂದು ಹೇಳಬೇಕೋ 'ಕಟ್ಟಬೇಕಾದದ್ದು' ಎಂದು ಹೇಳಬೇಕೋ ಎಂಬುದನ್ನು ಅವರು ಮೊದಲು ಕನ್ನಡದಲ್ಲಿ ಕೇಳಿಕೊಂಡು, ಆಮೇಲೆ ಇಂಗ್ಲಿಷಿನಲ್ಲಿ ನಿಸ್ಸಂದೇಹವಾಗಿ ಬರೆಯುವಂತಾದರೆ ಅದೇ ಸಾಕು.